ತಗಡಿನ ಸದ್ದು

ಬಸ್ಸಿನ ಹಿಂಬಾಗಿಲ ಹತ್ತಿರ ತಗಡೊಂದು ಸಡಿಲಾಗಿತ್ತು. ರಸ್ತೆ ಸಮವಿದ್ದಾಗ ಸುಮ್ಮನಿರುತ್ತಿತ್ತು. ಗುಂಡಿ ಬಂದಾಗ ಧಡ್ಡೆಂದು ಒಮ್ಮೆ ಬಡಿದು, ಸ್ವಲ್ಪ ಹೊತ್ತು ನಡುಗಿ ನಿಲ್ಲುತ್ತಿತ್ತು. ಬಳ್ಳಾರಿ ಬಿಟ್ಟಾಗಿನಿಂದ ಭೀಮರಾಜ ಆ ಬಡಿತಗಳ ನಡುವಿನ ಬಿಡುವನ್ನು ಅಳೆಯುತ್ತ ಕೂತಿದ್ದ. ಬಿಡುವಿದ್ದರೆ ಹೆದರುವಂಥದ್ದೇನಿಲ್ಲ. ಬೇಸರ ಬಂದ ಕುದುರೆ ಹಾಗೆಯೇ ಒದೆಯುತ್ತದೆ: ಒಮ್ಮೆ ಒದ್ದು, ಯಾರಾದರೂ ಬಂದರೇನೋ ಎಂದು ಕಿವಿ ನಿಮಿರಿಸಿ ನಿಲ್ಲುತ್ತದೆ. ಹಸಿದದ್ದು ಎರಡು ಸಲ ಒದೆಯುತ್ತದೆ. ಸಂಕಟದಲ್ಲಿರುವುದು ಮಾತ್ರ ಬಿಡುವು ಕೊಡುವುದಿಲ್ಲ. ಇದನ್ನು ಅವನು ಯಾರಿಂದಲೂ ಕೇಳಿ ಕಲಿತದ್ದಲ್ಲ. ಕೌಲ್ ಬಜಾರಿನ ಒಂದೇ ಕೋಣೆಯ ಮನೆಯಲ್ಲಿ, ಗೋಡೆಯ ಆಚೆ ಅಪ್ಪ ಜೋಗಪ್ಪನ ಜಟಕಾ ಕುದುರೆ, ಈಚೆ ಅವನ ಚಾಪೆ. ಹದಿನೆಂಟು ವರ್ಷ ಕಿವಿಗೆ ಬೇರೆ ಪಾಠವೇ ಇರಲಿಲ್ಲ. ಜಟಕಾ ಹೋಯಿತು, ಆ ಜಾಗದಲ್ಲಿ ಆಟೋಗಳು ಬಂದು ನಿಂತವು, ಅಪ್ಪನೂ ಹೋದ. ಕಿವಿ ಉಳಿಯಿತು. ಈಗ ಆ ಕಿವಿಯೇ ಅವನಿಗೆ ಬೇಡವಾಗಿತ್ತು. ಮುಂದೆ ಎರಡು ಸೀಟು ಖಾಲಿ ಇದ್ದವು, ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಕೋಳೂರು ಕ್ರಾಸಿನಲ್ಲಿ ಮೆಣಸಿನಕಾಯಿ ಚೀಲದೊಡನೆ ಹತ್ತಿದ ಹೆಂಗಸು ಅವನ ಮುಖ ನೋಡಿ, ತನ್ನ ಚೀಲದ ಘಾಟಿಗೆ ಕಣ್ಣಲ್ಲಿ ನೀರು ಬಂದಿರಬೇಕೆಂದುಕೊಂಡು ಅದನ್ನು ಆಚೆ ಸರಿಸಿಕೊಂಡಳು.

ನಿನ್ನೆ ಮಧ್ಯಾಹ್ನ ಕುರುಗೋಡಿನಿಂದ ಕುದುರೆ ಸಾಕುವ ತಿಪ್ಪೇರುದ್ರಪ್ಪನ ಫೋನ್ ಬಂದಾಗ ಅವನು ಗಾಂಧಿನಗರದ ಎಟಿಎಮ್ಮಿನ ಬಾಗಿಲಲ್ಲಿ ತನ್ನ ಪ್ಲಾಸ್ಟಿಕ್ ಕುರ್ಚಿಯ ಮೇಲಿದ್ದ. ಪರದೆಯ ಮೇಲೆ ಹೆಸರು ಕಂಡದ್ದೇ ಎದ್ದು ನಿಂತಿದ್ದ. ಮೂರು ವಾರದಿಂದ ಈ ಫೋನಿಗೇ ಕಾದಿದ್ದೆನೇನೋ ಎನ್ನಿಸಿತು. ಬೈದರೆ ಬೈಯಲಿ, ಪೊಲೀಸರಿಗೆ ಕೊಡುತ್ತೇನೆಂದರೆ ಕೊಡಲಿ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುವುದರೊಳಗೆ ಆ ಮುದುಕ ಅವನ ಹೆಂಡತಿಯ ಆರೋಗ್ಯ ಕೇಳಿದ್ದ. ಬಿಸಿಲಲ್ಲಿ ಕೂರಿಸುತ್ತಾರೋ ನೆರಳಲ್ಲೋ ಎಂದು ಕೇಳಿದ್ದ. ಕೊನೆಗೆ, ನಾಳೆ ಮನೆಯ ಕಡೆ ಬಂದು ಹೋಗು, ಒಂದು ಮಾತಾಡುವುದಿದೆ ಎಂದಿದ್ದ. ದನಿಯಲ್ಲಿ ಸಿಟ್ಟಿನ ಒಂದು ಎಳೆಯೂ ಇರಲಿಲ್ಲ. ಫೋನಿಟ್ಟ ಮೇಲೂ ಭೀಮರಾಜ ಬಾಗಿಲಿಗೆ ಅಡ್ಡವಾಗಿ ನಿಂತೇ ಇದ್ದ. ಹಣ ತೆಗೆಯಲು ಬಂದ ಕಾಲೇಜು ಹುಡುಗಿಯೊಬ್ಬಳು ಅಂಕಲ್ ಬಾಗಿಲು ಬಿಡಿ ಎಂದು ಎರಡು ಸಲ ಹೇಳಬೇಕಾಯಿತು.

ಕಾಯುವ ಕೆಲಸ ಅವನಿಗೆ ಹೊಸದಲ್ಲ. ಆದರೆ ಕಾಯುವವನನ್ನು ಯಾರೂ ನೋಡುವುದಿಲ್ಲ, ಏನಾದರೂ ಕಳೆದಾಗ ಮಾತ್ರ ಎಲ್ಲರೂ ಅವನನ್ನೇ ನೋಡುತ್ತಾರೆ. ಹೋದ ವರ್ಷ ಬಳ್ಳಾರಿಯಲ್ಲಿ ಕುದುರೆಗಳ ಅಂದದ ಸ್ಪರ್ಧೆ ನಡೆದಾಗ ಅವನು ಯಾರದೋ ಕುದುರೆಗೆ ಮೈ ತಿಕ್ಕಲು ಹೋಗಿದ್ದ, ಕಾವಲಿಗಲ್ಲ. ಎರಡನೆಯ ದಿನ ನಸುಕಿನಲ್ಲಿ, ಹಗ್ಗದ ಸಾಲಿನಲ್ಲಿ ಕಟ್ಟಿದ್ದ ಕಂದು ಬಣ್ಣದ ಗಂಡು ಕುದುರೆಯೊಂದನ್ನು ಯಾರೋ ಬಿಚ್ಚಿಕೊಂಡು, ತಮ್ಮದೇ ಎನ್ನುವಂತೆ ಕುತ್ತಿಗೆ ತಟ್ಟುತ್ತ ಗೇಟಿನಿಂದ ನಡೆಸಿಕೊಂಡು ಹೋದರು. ಗೇಟಿನವನು ಸರಿದು ದಾರಿ ಬಿಟ್ಟನಂತೆ. ಇನ್ನೊಂದು ಕುದುರೆಯ ಬಾಲವನ್ನು ಬುಡದವರೆಗೆ ಕತ್ತರಿಸಿದ್ದರು, ಸ್ಪರ್ಧೆಯಲ್ಲಿ ಅದರ ಅಂದ ಕೆಡಲಿ ಎಂದು. ಬೆಳಕು ಹರಿದ ಮೇಲೆ ಕೂಡಿಸಿ ನಿಲ್ಲಿಸಿದ ಇಪ್ಪತ್ತು ಮೂವತ್ತು ಜನರಲ್ಲಿ ಭೀಮರಾಜನಿಗೆ ಮೊದಲು ಊರು ಕೇಳಿದರು, ಆಮೇಲೆ ಅಪ್ಪನ ಹೆಸರು ಕೇಳಿದರು, ಆಮೇಲೆ ಯಾವ ಕೇರಿ ಎಂದು ಕೇಳಿದರು. ಅದಾದ ಮೇಲೆ ಬೇರೆ ಯಾರನ್ನೂ ಏನನ್ನೂ ಕೇಳದೆ ಅವನ ಚೀಲವನ್ನು ನೆಲಕ್ಕೆ ಸುರಿದರು. ಹರಿದ ಬನಿಯನ್, ಸುಣ್ಣದ ಡಬ್ಬಿ, ಹೆಂಡತಿ ಹನುಮಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಪೊಟ್ಟಣ. ಕತ್ತರಿ ಇರಲಿಲ್ಲ. ಕತ್ತರಿ ಇಲ್ಲದ್ದು ಕಂಡು ಯಾರೂ ಚೀಲವನ್ನು ತುಂಬಿಕೊಡಲಿಲ್ಲ. ಅವನೇ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಎತ್ತಿಟ್ಟುಕೊಳ್ಳುವಾಗ, ಚಿತ್ರಾನ್ನಕ್ಕೆ ಅಂಟಿದ್ದ ಮಣ್ಣನ್ನು ಬಾಯಿಂದ ಉರುಬಿ ಉರುಬಿ ತೆಗೆದಿದ್ದ. ಈಗ ನೆನಪಾದರೂ ನಾಚಿಕೆಯಾಗುವುದು ಚೀಲ ಸುರಿದದ್ದಕ್ಕಲ್ಲ, ಆ ಮಣ್ಣು ಉರುಬಿದ್ದಕ್ಕೆ.

ಅದಕ್ಕೇ ಈ ವರ್ಷ ಸಿರುಗುಪ್ಪದ ಸ್ಪರ್ಧೆಯ ಸಂಚಾಲಕ ಹುಲಿಗೇಶ್ ಎಟಿಎಮ್ಮಿನವರೆಗೆ ಹುಡುಕಿಕೊಂಡು ಬಂದು, ಕುದುರೆ ಬಲ್ಲ ಒಬ್ಬ ನಂಬಿಗಸ್ತ ಕಾವಲುಗಾರ ಬೇಕು, ನೀನೇ ಮುಖ್ಯಸ್ಥನಾಗಬೇಕು ಎಂದಾಗ ಅವನು ಕೂಲಿ ಎಷ್ಟೆಂದೂ ಕೇಳದೆ ಒಪ್ಪಿಕೊಂಡ. ನಂಬಿಗಸ್ತ ಎಂಬ ಮಾತನ್ನು ಅವನು ಮನೆಗೆ ಹೋಗಿ ಹನುಮಮ್ಮನಿಗೆ ಹೇಳಲಿಲ್ಲ. ಜೀನ್ಸ್ ಹೊಲಿಯುವ ಕಾರ್ಖಾನೆಯಿಂದ ಬಂದು ಕೈಯ ನೀಲಿ ಬಣ್ಣ ತೊಳೆಯುತ್ತಿದ್ದವಳ ಹಿಂದೆ ನಿಂತು, ತನ್ನಷ್ಟಕ್ಕೆ ಒಂದೆರಡು ಸಲ ಅಂದುಕೊಂಡ. ಸಿರುಗುಪ್ಪದಲ್ಲಿ ಮುಚ್ಚಿದ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ತಗಡು ಅಡ್ಡಗಟ್ಟಿ ಮೂವತ್ತು ಖಾನೆ ಮಾಡಿದ್ದರು. ಹಗ್ಗದ ಸಾಲು ಬೇಡವೇ ಬೇಡ, ಪ್ರತಿ ಕುದುರೆಗೂ ಬಾಗಿಲು, ಪ್ರತಿ ಬಾಗಿಲಿಗೂ ಬೀಗ ಇರಬೇಕೆಂದು ಹೇಳಿದವನು ಭೀಮರಾಜನೇ. ಬೀಗಕ್ಕೆ ಎರಡೆರಡು ಕೀಲಿ: ಒಂದು ಯಜಮಾನನ ಹತ್ತಿರ, ಒಂದು ಅವನ ಸೊಂಟದ ಗೊಂಚಲಿನಲ್ಲಿ. ಎರಡು ದಿನ ಯಾರ ಕುದುರೆಗೂ ಒಂದು ಕೂದಲು ಕೊಂಕಲಿಲ್ಲ. ನೀರಿನ ಬಕೆಟ್ಟನ್ನು ಅವನು ತಾನೇ ಮೂಸಿ ನೋಡಿ ಒಳಗೆ ಬಿಟ್ಟ, ಗೊತ್ತಿಲ್ಲದವರು ತಂದ ಹುಲ್ಲನ್ನು ವಾಪಸು ಕಳಿಸಿದ. ತಮ್ಮ ಕೀಲಿ ಮರೆತ ದೊಡ್ಡ ದೊಡ್ಡ ಮನೆತನದವರು ಬಂದು, ಭೀಮರಾಜ ಸ್ವಲ್ಪ ತೆಗೀಪ್ಪ ಎಂದು ಕೇಳಿ ನಿಂತರು.

ಹನ್ನೆರಡನೆಯ ಖಾನೆಯಲ್ಲಿ ತಿಪ್ಪೇರುದ್ರಪ್ಪನ ನೀಲಿ ಇತ್ತು. ಬೂದುಬಣ್ಣದ ಹೆಣ್ಣು ಕುದುರೆ. ಬೆಳಗಿನ ಬಿಸಿಲಿಗೆ ಮೈಯಲ್ಲಿ ತೆಳ್ಳಗೆ ನೀಲಿ ಛಾಯೆ ಏಳುತ್ತಿತ್ತು. ಕೊನೆಯ ದಿನ ಬೆಳಿಗ್ಗೆ ಮುದುಕ ತನ್ನ ಕೀಲಿಯನ್ನೂ ತಂದು ಭೀಮರಾಜನ ಅಂಗೈಯಲ್ಲಿಟ್ಟ. ತಾನು ತೀರ್ಪುಗಾರರ ಜೊತೆ ಓಡಾಡುತ್ತಿರುತ್ತೇನೆ, ಜೇಬಿನಿಂದ ಯಾರಾದರೂ ಎಗರಿಸಿದರೆ ಕಷ್ಟ, ಎರಡೂ ನಿನ್ನ ಹತ್ತಿರವೇ ಇರಲಿ ಎಂದ. ಯಾರು ಬಂದು ಕೇಳಿದರೂ, ತನ್ನ ಹೆಸರು ಹೇಳಿಕೊಂಡು ಬಂದರೂ, ತನ್ನ ಮಗಳೇ ಬಂದರೂ, ತಾನಿಲ್ಲದೆ ಬಾಗಿಲು ತೆರೆಯಬಾರದು ಎಂದ. ಹತ್ತು ಗಂಟೆಯ ಹೊತ್ತಿಗೆ ಆ ಮಗಳು ಬಂದಳು. ಅಕ್ಷತಾ, ಬಳ್ಳಾರಿಯಲ್ಲಿ ಕಾಲೇಜು ಓದುವವಳು. ನೀಲಿಯನ್ನು ಮರಿಯಿದ್ದಾಗಿನಿಂದ ಬೆಳೆಸಿದವಳು. ನಸುಕಿನಲ್ಲಿ ಹಗ್ಗ ಕಟ್ಟುವಾಗ ಅದು ಮಲಗಲಿ ಎಂದು ಉದ್ದ ಬಿಟ್ಟಿದ್ದೇನೆ, ಈಗ ಬಿಗಿ ಮಾಡಬೇಕು ಎಂದಳು. ಭೀಮರಾಜ ವಿನಯದಿಂದಲೇ, ಅಪ್ಪನವರನ್ನು ಕರೆದುಕೊಂಡು ಬನ್ನಿ ಎಂದ. ಎರಡು ನಿಮಿಷದ ಕೆಲಸ, ನೀವೇ ಬಂದು ನಿಲ್ಲಿ ಎಂದಳು. ನಿಯಮ ನಿಯಮವೇ ಎಂದ. ಅವಳು ಮುಖ ಕೆಂಪಗೆ ಮಾಡಿಕೊಂಡು ಹೋದಳು. ಹಾಗೆ ಇಲ್ಲವೆನ್ನುವುದರಲ್ಲಿ ಒಂದು ಸುಖವಿತ್ತು. ಹೋದ ವರ್ಷ ಮಣ್ಣು ಉರುಬಿದವನ ಕೈಯಲ್ಲಿ ಈ ವರ್ಷ ಎರಡು ಕೀಲಿ ಎಂದು ಅವನು ಆಗ ಅಂದುಕೊಂಡಿರಲಿಲ್ಲ. ಬಸ್ಸಿನಲ್ಲಿ ಕೂತು ಈಗ ಅಂದುಕೊಂಡ, ಮತ್ತು ಮುಂದಿನ ಸೀಟಿನ ಕಬ್ಬಿಣ ಹಿಡಿದುಕೊಂಡ.

ಮಧ್ಯಾಹ್ನ ಹುಲಿಗೇಶ್ ಓಡಿ ಬಂದು, ಅತಿಥಿಗಳು ಹೊರಡುತ್ತಾರೆ, ದುಡಿದವರಿಗೆಲ್ಲ ಶಾಲು ಹೊದಿಸುವುದಿದೆ, ನಿನ್ನ ಹೆಸರು ಏಳನೆಯದು, ಬಾ ಎಂದು ಕರೆದ. ಅವನು ಹನ್ನೊಂದನೆಯ ಖಾನೆಯ ಕುದುರೆ ನೋಡಿಕೊಳ್ಳುವ ಹನುಮೇಶನಿಗೆ ಕಣ್ಣಿಟ್ಟಿರು ಎಂದು ಹೇಳಿ, ಅಂಗಿಯನ್ನು ಒಳಗೆ ಸೇರಿಸಿಕೊಂಡು ಹೋದ. ವೇದಿಕೆ ದೂರವೇನೂ ಇರಲಿಲ್ಲ. ಮೈಕಿಲ್ಲದಿದ್ದರೆ ಒಂದು ಕೂಗಿಗೆ ಕೇಳುವಷ್ಟು. ಅತಿಥಿ ಮಾತು ಮುಗಿಸಿದ್ದೇನೆಂದು ಹೇಳಿ ಮತ್ತೆ ಶುರು ಮಾಡಿದರು. ಮೊದಲನೆಯವನ ಹೆಸರು ಕರೆದರು, ಎರಡನೆಯವನದು. ಭೀಮರಾಜ ಮೆಟ್ಟಿಲ ಪಕ್ಕದ ಸಾಲಿನಲ್ಲಿ ನಿಂತು, ಶಾಲು ಹೊದಿಸುವಾಗ ತಲೆ ಬಗ್ಗಿಸಬೇಕೋ, ಕೈ ಮುಗಿಯಬೇಕೋ, ಹೊದಿಸಿದ ಮೇಲೆ ಅದನ್ನು ಹೆಗಲ ಮೇಲೇ ಬಿಟ್ಟುಕೊಂಡು ಇಳಿಯಬೇಕೋ ಎಂದು ಮುಂದಿನವರನ್ನು ನೋಡಿ ಕಲಿಯುತ್ತಿದ್ದ. ಆಗ ತಗಡಿನ ಸದ್ದು ಕೇಳಿತು. ಒಂದು ಬಡಿತ. ಕುದುರೆಗಳಿದ್ದಲ್ಲಿ ತಗಡು ಬಡಿಯದೆ ಇರುತ್ತದೆಯೇ. ಇನ್ನೊಂದು. ನಾಲ್ಕನೆಯವನ ಹೆಸರು. ಆಮೇಲೆ ಬಿಡುವಿಲ್ಲದೆ, ಒಂದರ ಮೇಲೊಂದು, ಆಲಿಕಲ್ಲು ಬಿದ್ದ ಹಾಗೆ. ಅವನ ಬೆನ್ನು ಮೊದಲು ತಿಳಿದುಕೊಂಡಿತು. ತಿರುಗಿ ನೋಡಿದ. ಖಾನೆಗಳ ಸಾಲಿನ ನಡುವೆ ಹಳದಿ ಬಣ್ಣದ್ದೇನೋ ಅತ್ತಿತ್ತ ಆಡುತ್ತಿತ್ತು. ಯಾರೋ ಕರೆಯುತ್ತಾರೆ ಎಂದು ಗೊತ್ತಾಯಿತು, ಯಾರನ್ನು ಎಂದೂ ಗೊತ್ತಾಯಿತು. ಐದನೆಯವನು ಮೆಟ್ಟಿಲು ಹತ್ತಿದ. ಇನ್ನೊಂದು ನಿಮಿಷ, ಹನುಮೇಶ ಇದ್ದಾನೆ, ನಿಜಕ್ಕೂ ಬೇಕಾದರೆ ಯಾರಾದರೂ ಓಡಿ ಬರುತ್ತಾರೆ, ಎಂದು ಅವನು ಮುಖವನ್ನು ವೇದಿಕೆಯ ಕಡೆ ತಿರುಗಿಸಿದ. ಕೀಲಿಗಳು ತೊಡೆಗೆ ತಾಗುತ್ತಿದ್ದವು. ಆರನೆಯವನ ಬಗ್ಗೆ ಹುಲಿಗೇಶ್ ಮೈಕಿನಲ್ಲಿ ತಮಾಷೆಯ ಮಾತೊಂದನ್ನು ಹೇಳಿ ಜನರನ್ನು ನಗಿಸಿದ. ಏಳನೆಯವನನ್ನು ಹೆಸರು ತಪ್ಪಿ ಭೀಮಪ್ಪ ಎಂದು ಕರೆದರು. ಅವನು ಹತ್ತಿದ. ಅತಿಥಿಯ ಬೆರಳು ಕೊರಳಿಗೆ ತಾಗಿದಾಗ, ದೇವರೇ, ಅವನಿಗೆ ಸಂತೋಷವಾಗಿತ್ತು. ಆ ಸದ್ದು ಕೇಳುತ್ತಲೇ ಸಂತೋಷವಾಗಿತ್ತು.

ಕೆಳಗಿಳಿದಾಗ ಹನುಮೇಶ ಏದುಸಿರು ಬಿಡುತ್ತ ಎದುರಿಗೆ ಬಂದ. ಭೀಮರಾಜ ಓಡಿದ, ಎಲ್ಲರಿಗಿಂತ ಮುಂದೆ ಓಡಿದ, ನೋಡಿದವರು ಅದನ್ನೇ ಹೇಳಿದರು: ಕರೆದ ಕೂಡಲೇ ಹೇಗೆ ಓಡಿ ಬಂದ. ನೀಲಿ ಹೊರಳಾಡುವಾಗ ಮುಂಗಾಲು ಹಗ್ಗದಲ್ಲಿ ಸಿಕ್ಕಿ, ಎಳೆದಷ್ಟೂ ಕೊರಳಿಗೆ ಬಿಗಿದಿತ್ತು. ಒದೆತಕ್ಕೆ ಬಾಗಿಲು ಡೊಂಕಾಗಿ ಬೀಗದಲ್ಲಿ ಕೀಲಿ ತಿರುಗಲಿಲ್ಲ. ಹಾರೆ ಹಾಕಿ ತಗಡು ಸೀಳುವ ಹೊತ್ತಿಗೆ ಒಳಗೆ ಸದ್ದು ನಿಂತಿತ್ತು. ಮೈಕಿನಲ್ಲಿ ಇನ್ನೂ ಹೆಸರುಗಳನ್ನು ಕರೆಯುತ್ತಿದ್ದರು. ಅಕ್ಷತಾಳ ಅಂಗೈ ಎರಡೂ ತಗಡಿನ ಅಂಚಿಗೆ ಕೊಯ್ದು ಹೋಗಿ ರಕ್ತ ಸುರಿಯುತ್ತಿತ್ತು. ಹಳದಿ ವೇಲನ್ನು ಯಾರೋ ಅವಳ ಕೈಗೆ ಸುತ್ತಿದ್ದರು. ತಿಪ್ಪೇರುದ್ರಪ್ಪ ಬಂದು ಕುದುರೆಯ ತಲೆಯ ಹತ್ತಿರ ಕೂತ. ಅಳಲಿಲ್ಲ, ಕೂಗಲಿಲ್ಲ. ಬಹಳ ಹೊತ್ತಾದ ಮೇಲೆ ಎದ್ದು, ಶಾಲು ಹೊದ್ದುಕೊಂಡೇ ನಿಂತಿದ್ದ ಭೀಮರಾಜನ ಭುಜ ಹಿಡಿದು, ‘ನೀ ಏನ್ ಮಾಡ್ತೀಪಾ. ನಾ ಹೇಳಿದಂಗ ಮಾಡಿದಿ’ ಎಂದ.

ಆ ಶಾಲನ್ನು ಹನುಮಮ್ಮ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೀರುವಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು. ಪಕ್ಕದ ಮನೆಯ ವಿರೂಪಮ್ಮ ಬಂದಾಗ ತೆಗೆದು ತೋರಿಸಿದಳು. ಕುದುರೆ ಸತ್ತದ್ದು ಅವಳಿಗೆ ಗೊತ್ತಿತ್ತು, ಬೇಸರಪಟ್ಟಳು, ಆದರೆ ಇಷ್ಟು ವರ್ಷಕ್ಕೆ ಒಬ್ಬರು ಎರಡು ಕೈಯಿಂದ ಕೊಟ್ಟದ್ದು ಇದೊಂದೇ, ಅದನ್ನೇಕೆ ಒಳಗಿಡಲಿ ಎಂದಳು. ಅವನು ಒಂದು ದಿನ ಕಾರಣವಿಲ್ಲದೆ ಅವಳ ಮೇಲೆ ರೇಗಿದ. ಅವಳು ನೀಲಿಗಟ್ಟಿದ ಬೆರಳುಗಳಿಂದ ಕವರನ್ನು ಬೀರುವಿನ ಹಿಂದೆ ತಳ್ಳಿ, ಏನೂ ಕೇಳದೆ ಅನ್ನಕ್ಕಿಟ್ಟಳು. ಹೇಳಿಬಿಡಲೇ ಎಂದು ಆಗ ಬಾಯಿಗೆ ಬಂದಿತ್ತು. ಹೇಳಿದ್ದರೆ ಅವಳು ಅವನ ಪರವಾಗಿಯೇ ಮಾತಾಡುತ್ತಿದ್ದಳು. ಅದು ಬೇಡವೆನ್ನಿಸಿತು.

ಕುರುಗೋಡಿನಲ್ಲಿ ಇಳಿದಾಗ ಬಂಡೆಗಳು ಬಿಸಿಲು ಕುಡಿದು ಕಾವು ಬಿಡುತ್ತಿದ್ದವು. ತಿಪ್ಪೇರುದ್ರಪ್ಪನ ಮನೆ ಗುಡ್ಡದ ಬುಡದಲ್ಲಿ, ಹತ್ತಿ ಹೊಲಕ್ಕೆ ಅಂಟಿಕೊಂಡಂತೆ ಇತ್ತು. ಅವನು ಗೇಟಿನ ಹೊರಗೇ ನಿಂತು ಕೆಮ್ಮಿದ. ಹೊರಗೆ ಬಂದವಳು ಮುದುಕನ ಹೆಂಡತಿ ಕೊಟ್ರಬಸಮ್ಮ. ಯಜಮಾನರು ಸ್ನಾನಕ್ಕೆ ಹೋಗಿದ್ದಾರೆ, ಪಡಸಾಲೆಯಲ್ಲಿ ಕೂತಿರು ಎಂದು ಕುರ್ಚಿ ತೋರಿಸಿ, ಒಳಗೆ ಹೋಗುವವಳು ತಿರುಗಿ ಬಂದು ದನಿ ತಗ್ಗಿಸಿ ಹೇಳತೊಡಗಿದಳು. ಸಿರುಗುಪ್ಪದಿಂದ ಬಂದಾಗಿನಿಂದ ಅವರು ಸರಿಯಾಗಿ ಊಟ ಮಾಡಿಲ್ಲ. ರೊಟ್ಟಿ ಮುರಿಯುತ್ತಾರೆ, ತಟ್ಟೆಯಲ್ಲಿ ಬಿಡುತ್ತಾರೆ. ಲಾಯದ ಕಡೆ ಒಂದು ಹೆಜ್ಜೆ ಇಟ್ಟಿಲ್ಲ, ನೀಲಿಯ ಎರಡು ವರ್ಷದ ಗಂಡುಮರಿ ಅಲ್ಲೇ ಇದೆ, ಅದರ ದನಿ ಕೇಳಿದರೆ ಎದ್ದು ಆಚೆ ಹೋಗುತ್ತಾರೆ. ನಾನು ಕೊಂದೆ, ನಾನು ಕೀಲಿ ಹಾಕಿಸಿ ಕೊಂದೆ ಎನ್ನುತ್ತಾರೆ. ಸಕ್ಕರೆ ಕಾಯಿಲೆಯ ಮನುಷ್ಯ, ಹೀಗಾದರೆ ಎಷ್ಟು ದಿನ. ನೀನಾದರೂ ಒಂದು ಮಾತು ಹೇಳು, ನಿನ್ನ ಮೇಲೆ ಅವರಿಗೆ ಬಹಳ ನಂಬಿಕೆ. ಭೀಮರಾಜ ಕುರ್ಚಿಯ ತುದಿಯಲ್ಲಿ ಕೂತು ತನ್ನ ಚಪ್ಪಲಿ ನೋಡುತ್ತಿದ್ದ. ಮುದುಕನ ಆ ಮೃದುತನವನ್ನು ಅವನು ಮೂರು ವಾರ ದೊಡ್ಡಮನಸ್ಸು ಎಂದುಕೊಂಡಿದ್ದ, ದೊಡ್ಡವರು ಹಾಗೆಯೇ ಎಂದುಕೊಂಡು ಒಳಗೊಳಗೇ ಸ್ವಲ್ಪ ನಿರಾಳವೂ ಆಗಿದ್ದ. ತನ್ನ ಪಾಲಿನದನ್ನು ಆ ಮನುಷ್ಯ ಹೊತ್ತುಕೊಂಡು ಸೊರಗುತ್ತಿದ್ದಾನೆಂದು ಅವನಿಗೆ ತೋಚಿರಲಿಲ್ಲ.

ತಿಪ್ಪೇರುದ್ರಪ್ಪ ಬಂದಾಗ ಗುರುತು ಸಿಗಲು ಒಂದು ಕ್ಷಣ ಬೇಕಾಯಿತು. ಕೊರಳಿನ ಲಿಂಗದ ಕರಡಿಗೆ ಬೋಳು ಎದೆಮೂಳೆಯ ಮೇಲೆ ತೂಗುತ್ತಿತ್ತು. ಹಣೆಯ ವಿಭೂತಿ ಇನ್ನೂ ಒದ್ದೆಯಿತ್ತು. ಸುತ್ತುಬಳಸಿ ಮಾತಾಡಲಿಲ್ಲ. ಮರಿ ಬೆಳೆಯುತ್ತಿದೆ, ಮುಂದಿನ ವರ್ಷ ಸ್ಪರ್ಧೆಗೆ ಬರುತ್ತದೆ, ತನಗೆ ಅದನ್ನು ನೋಡುವ ಧೈರ್ಯವಿಲ್ಲ, ಮಾರುವುದಕ್ಕೂ ಮನಸ್ಸಿಲ್ಲ. ನೀನು ಎಟಿಎಮ್ಮು ಬಿಟ್ಟು ಇಲ್ಲಿಗೆ ಬಾ. ಹಿಂದಿನ ಎರಡು ಕೋಣೆ ಖಾಲಿ ಇವೆ, ಹೆಂಡತಿಯನ್ನೂ ಕರೆದುಕೊಂಡು ಬಾ. ಬೇರೆ ಯಾರನ್ನೂ ನಾನು ನಂಬುವುದಿಲ್ಲ. ಅಷ್ಟು ಹೇಳಿ, ಮಗಳನ್ನು ಕರೆದು ಮರಿಯನ್ನು ತೋರಿಸಿಕೊಂಡು ಬರಲು ಹೇಳಿದ. ಅಕ್ಷತಾ ಬಾಗಿಲಲ್ಲೇ ನಿಂತಿದ್ದಳು. ಅಂಗೈಗಳಲ್ಲಿ ಗಾಯ ಒಣಗಿ ಗೆರೆ ಬಿದ್ದಿದ್ದವು.

ಲಾಯ ಮನೆಯ ಹಿಂದಿತ್ತು. ಮರಿ ತಾಯಿಯ ಬಣ್ಣವನ್ನು ಪಡೆದಿರಲಿಲ್ಲ, ಕಪ್ಪಗಿತ್ತು. ಹೊಸಬನ ವಾಸನೆಗೆ ಮೂಗಿನ ಹೊಳ್ಳೆ ಅಗಲಿಸಿ ಹಿಂದೆ ಸರಿಯಿತು. ಭೀಮರಾಜ ಅಭ್ಯಾಸಬಲದಿಂದ ಕೈ ಚಾಚಿ ಸುಮ್ಮನೆ ನಿಂತ. ಅಕ್ಷತಾ ಅವನ ಮುಖ ನೋಡದೆ, ಮರಿಯ ಹಣೆಯ ಕೂದಲು ಸರಿಪಡಿಸುತ್ತ ಮಾತು ತೆಗೆದಳು.

‘ಆವತ್ತ ನೀವು ಸ್ಟೇಜಿನ ಹತ್ರ ನಿಂತಿದ್ರಿ. ನಾ ವೇಲ್ ಬೀಸಿ ಕರದೆ. ನೀವು ತಿರುಗಿ ನೋಡಿದ್ರಿ.’

ಅವನು ಹೌದೆಂದ.

‘ತಗಡಿನ ಸಪ್ಪಳ ಕೇಳ್ಸಿರಲಿಲ್ಲೇನು?’

‘ಕೇಳ್ಸಿತ್ತವ್ವಾ. ಯಾವ ಸಪ್ಪಳ ಅನ್ನೋದೂ ಗೊತ್ತಾಗಿತ್ತು.’

ಅವಳ ಕೈ ಮರಿಯ ಹಣೆಯ ಮೇಲೆ ನಿಂತಿತು. ಬೈಯುತ್ತಾಳೆಂದು ಅವನು ಕಾದ. ಒಮ್ಮೆ ಬೈದುಬಿಟ್ಟರೆ ಸಾಕು ಎಂಬಂತಿತ್ತು. ಅವಳು ಬಹಳ ದಿನ ಒಳಗೇ ಹೇಳಿ ಹೇಳಿ ಸವೆದ ಮಾತನ್ನು ಹೇಳುವಂತೆ, ಯಾವ ಏರಿಳಿತವೂ ಇಲ್ಲದೆ ಹೇಳಿದಳು. ಹಗ್ಗ ಉದ್ದ ಕಟ್ಟಿದವಳು ನಾನು. ಅದನ್ನು ಅಪ್ಪನಿಗೆ ಮೊದಲ ದಿನವೇ ಹೇಳಿದೆ. ನಿನ್ನದೇನೂ ಇಲ್ಲ, ಕೀಲಿ ಹಾಕಿಸಿದವನು ನಾನು ಎಂದ. ನಿಮ್ಮದನ್ನು ನಾನು ಹೇಳಿದರೆ, ಬಡವನ ಮೇಲೆ ಹಾಕುತ್ತಿ ಎನ್ನುತ್ತಾನೆ. ಅದಕ್ಕೇ ಕಾದೆ. ನಾಳೆ ಬರುತ್ತಾರೆ, ನಾಡಿದ್ದು ಬರುತ್ತಾರೆ, ತಾವೇ ಹೇಳುತ್ತಾರೆ ಎಂದು ಕಾದೆ.

‘ಅಪ್ಪ ಹಿಂಗ ಸಾಯ್ತಾನ,’ ಎಂದಳು. ‘ನೀವ ಹೇಳ್ರಿ.’

ಮನೆಯ ಕಡೆ ನಡೆಯುವ ಆ ಇಪ್ಪತ್ತು ಮೂವತ್ತು ಹೆಜ್ಜೆಗಳಲ್ಲಿ ಅವನಿಗೆ ಬಹಳ ವಿಷಯಗಳು ಕಂಡವು. ಎರಡು ಕೋಣೆಯ ಮನೆ ಕಂಡಿತು, ಹನುಮಮ್ಮ ಬಣ್ಣದ ನೀರಿಲ್ಲದೆ ಕೈ ತೊಳೆಯುವುದು ಕಂಡಿತು. ಹುಲಿಗೇಶನ ಮುಖ, ಮತ್ತೆ ನೆಲಕ್ಕೆ ಸುರಿದ ಚೀಲ. ಈಗ ಸುರಿದರೆ ಚೀಲದಲ್ಲಿ ಅವರು ಹುಡುಕುವಂಥದ್ದು ನಿಜವಾಗಿ ಇರುತ್ತದೆ. ಆದರೂ ಕಾಲು ನಿಲ್ಲಲಿಲ್ಲ. ಪಡಸಾಲೆಯಲ್ಲಿ ಮುದುಕ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದ. ಭೀಮರಾಜ ಕುರ್ಚಿಯ ಹತ್ತಿರ ಹೋಗಲಿಲ್ಲ. ನಿಂತೇ ಹೇಳಿದ. ಸದ್ದು ಕೇಳಿತ್ತೆಂದು ಹೇಳಿದ, ಬಿಡುವಿಲ್ಲದ ಸದ್ದು ಎಂದರೆ ಏನೆಂದು ತನಗೆ ಹುಟ್ಟಿನಿಂದ ಗೊತ್ತೆಂದು ಹೇಳಿದ, ನಾಲ್ಕನೆಯ ಹೆಸರಿನಿಂದ ಏಳನೆಯ ಹೆಸರಿನವರೆಗೆ ಬೇಕೆಂದೇ ನಿಂತೆನೆಂದು, ಅಕ್ಷತಮ್ಮ ಕರೆದದ್ದು ಕಂಡೂ ಮುಖ ತಿರುಗಿಸಿದೆನೆಂದು ಹೇಳಿದ. ಆಗಲೇ ಹೋಗಿದ್ದರೆ ಬಾಗಿಲು ಡೊಂಕಾಗಿರುತ್ತಿರಲಿಲ್ಲ, ಕೀಲಿ ತಿರುಗುತ್ತಿತ್ತು, ಹಗ್ಗ ಕೊಯ್ಯುತ್ತಿದ್ದೆ ಎಂದ. ಬೀಗದಿಂದಲ್ಲ, ತನ್ನಿಂದ ಸತ್ತಿತು ಎಂದ. ಕೊನೆಯ ಮಾತುಗಳಿಗೆ ದನಿ ಒಡೆಯಿತು. ಒಡೆದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ತಿಪ್ಪೇರುದ್ರಪ್ಪ ಪೂರ್ತಿ ಕೇಳಿದ. ಬಾಗಿಲಲ್ಲಿ ನಿಂತ ಮಗಳನ್ನು ನೋಡಿದ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ. ಆಮೇಲೆ ಅವನ ಮುಖ ನಿಧಾನವಾಗಿ ಕದಡಿತು.

‘ಇಬ್ರೂ ಕೂಡಿ ನಿನಗ ಹೇಳಿ ಕೊಟ್ರೇನಪಾ’ ಎಂದ. ‘ಮಗಳು ಹಗ್ಗ ಅಂದ್ಲು. ಇಕಿ, ನಾನ ಕಳಿಸಬಾರದಿತ್ತು ಅಂದ್ಲು. ಈಗ ನೀ ಬಂದಿ. ನನ್ನ ಭಾರ ಹೊರಾಕ ಎಷ್ಟು ಮಂದಿ ಬರ್ತೀರಿ.’

ಭೀಮರಾಜ, ಇದು ಖರೆ ಎಂದ. ಮಕ್ಕಳಿಲ್ಲದವನಾದ್ದರಿಂದ ಹೆಂಡತಿಯ ಆಣೆ ಇಟ್ಟ. ಮುದುಕ ಕೈ ಎತ್ತಿ ತಡೆದ. ಆಣೆ ಗೀಣೆ ಬೇಡ ಎಂದ. ನಿನ್ನಂಥವನು ಸದ್ದು ಕೇಳಿ ಸುಮ್ಮನೆ ನಿಲ್ಲುತ್ತಾನೆಂದರೆ ನಾನು ನಂಬಲೇ ಎಂದ. ಶಾಲು ಹೊದ್ದುಕೊಂಡೇ ನೀನು ಓಡಿ ಬಂದದ್ದನ್ನು ಈ ಕಣ್ಣಿಂದ ನೋಡಿದ್ದೇನೆ ಎಂದ. ಕೆಲಸ ಹೋದರೂ ಹೋಗಲಿ, ಹೆಸರು ಕೆಟ್ಟರೂ ಕೆಡಲಿ, ಒಬ್ಬ ಮುದುಕ ಎರಡು ತುತ್ತು ತಿನ್ನಲಿ ಎಂದು ಇಷ್ಟು ದೂರ ಬಂದು ಹೀಗೆ ಹೇಳುವವನು ಯಾರಿದ್ದಾನೆ ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣಿಂದ ನೀರು ಇಳಿಯತೊಡಗಿತು. ಸಿರುಗುಪ್ಪದಲ್ಲಿ ಬಾರದ್ದು, ಮೂರು ವಾರ ಬಾರದ್ದು, ಒಮ್ಮೆಲೇ ಬಂತು. ಭುಜ ಅಲುಗುವ ಹಾಗೆ ಮಗುವಿನಂತೆ ಅತ್ತ. ಕೊಟ್ರಬಸಮ್ಮ ಬಂದು ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

ಭೀಮರಾಜ ಅಕ್ಷತಾಳ ಕಡೆ ನೋಡಿದ. ಆವತ್ತು ನೋಡಿದವಳು ಅವಳೊಬ್ಬಳೇ, ಹೇಳಬಲ್ಲವಳು ಅವಳೊಬ್ಬಳೇ. ಅವಳು ಒಂದು ಹೆಜ್ಜೆ ಮುಂದೆ ಬಂದು, ಅಪ್ಪಾ, ಅವರು ಹೇಳೋದು ಎಂದು ಶುರು ಮಾಡಿದಳು. ಅಷ್ಟರಲ್ಲಿ ಮುದುಕ ಪಂಚೆಯಿಂದ ಮುಖ ಒರೆಸಿಕೊಂಡು, ಹೆಂಡತಿಯನ್ನು ನೋಡಿ, ಹಸಿವಾಗಿದೆ ಎಂದ. ಆ ಮಾತು ಕೇಳಿದ ಕೊಟ್ರಬಸಮ್ಮನ ಮುಖವನ್ನು ಅಕ್ಷತಾ ನೋಡಿದಳು. ಅವಳ ಮಾತು ಅಲ್ಲಿಗೇ ನಿಂತಿತು. ತಾಯಿ ಎದ್ದು ಹೆಚ್ಚುಕಡಿಮೆ ಓಡುತ್ತಲೇ ಒಳಗೆ ಹೋದಳು.

ಇನ್ನೊಮ್ಮೆ ಹೇಳಬಹುದಿತ್ತು. ಗಟ್ಟಿಯಾಗಿ, ಹುಲಿಗೇಶನ ಹೆಸರು, ಹನುಮೇಶನ ಹೆಸರು, ಎಷ್ಟು ಹೊತ್ತು, ಎಷ್ಟು ದೂರ, ಎಲ್ಲವನ್ನೂ ಒಂದೊಂದಾಗಿ ಇಟ್ಟು ನಂಬಿಸಬಹುದಿತ್ತು. ನಂಬದಿರಲು ಆ ಮುದುಕನೇನು ಮೂರ್ಖನಲ್ಲ. ನಂಬಲಿಲ್ಲವಲ್ಲ ಎಂಬ ಸಂಕಟದ ಅಡಿಯಲ್ಲಿ, ಸದ್ಯ ನಂಬಲಿಲ್ಲ ಎಂಬ ಇನ್ನೊಂದು, ನಿರಾಳದಂಥದ್ದು, ಕದಲುತ್ತಿತ್ತು. ಅದನ್ನು ಭೀಮರಾಜ ಸ್ಪಷ್ಟವಾಗಿ ಕಂಡ. ಕಂಡೂ ಸುಮ್ಮನೆ ನಿಂತ.

ತಿಪ್ಪೇರುದ್ರಪ್ಪ ಚಾಪೆಯ ಮೇಲೆ ತನ್ನ ಪಕ್ಕದ ಜಾಗವನ್ನು ತಟ್ಟಿ, ಇಲ್ಲೇ ಕೂಡು ಎಂದ. ಅವನು ಹಿಂಜರಿದದ್ದು ಕಂಡು ಕೈ ಹಿಡಿದು ಎಳೆದು ಕೂರಿಸಿಕೊಂಡ. ಎರಡು ತಟ್ಟೆ ತರಲು ಹೇಳಿದ, ಒಂದೇ ಥರದವು. ಅಕ್ಷತಾ ತಂದಿಟ್ಟಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಮುದುಕ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ, ಅಗಿದ, ನುಂಗಿದ. ಇನ್ನೊಂದು ಚೂರು ಮುರಿದ. ಬಾಗಿಲ ಮರೆಯಲ್ಲಿ ಕೊಟ್ರಬಸಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅದನ್ನೇ ನೋಡುತ್ತಿದ್ದಳು. ಯಾವತ್ತು ಬರುತ್ತಿ ಎಂದು ಮುದುಕ ತಿನ್ನುತ್ತಲೇ ಕೇಳಿದ. ಸೋಮವಾರ ಎಂದು ಭೀಮರಾಜ ಹೇಳಿದ್ದು ಅವನಿಗೇ ಕೇಳಿಸಿತು.

ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು. ಇಳಿಯುವುದಿಲ್ಲವೆಂದುಕೊಂಡಿದ್ದ, ಇಳಿಯಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಪಲ್ಯ ರುಚಿಯಾಗಿತ್ತು. ಅಕ್ಷತಾ ಬುಟ್ಟಿ ಹಿಡಿದು ಎದುರಿಗೆ ಬಗ್ಗಿ, ಅವನ ಮುಖ ನೋಡದೆ, ಇನ್ನೊಂದು ಹಾಕಲೇನು ಎಂದು ಕೇಳಿದಳು. ಅವನು ತಲೆಯಾಡಿಸಿದ. ಬೇಕೆಂದೋ ಬೇಡವೆಂದೋ ಅವಳಿಗೆ ತಿಳಿಯಲಿಲ್ಲ. ಹಾಕಿದಳು. ಅವನು ಮುರಿದು ತಿಂದ.